ಕರಿಪಟ್ಟಿಯ ಕಥೆ
(ಊರಿನ ವಾಚನಾಲಯದಲ್ಲಿ ಸೇರಿದ್ದ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಪಾಠ)



ಈ ಸಭೆ ಕೂಡಿಸಿದ ತರುಣರು ನನಗೆ ಗೊತ್ತುಮಾಡಿದ ವಿಷಯ ‘ಅಮೆರಿಕದ ರಾಜಕೀಯ ಮತ್ತು ಜಪಾನಿನ ಸಂಸ್ಕೃತಿ’ ಎಂಬುದು. ಮಗಳ ಮನೆಗೆಂದು ಹೋಗಿ ಆರು ತಿಂಗಳು ಕ್ಯಾಲಿಫೋರ್ನಿಯದಲ್ಲಿದ್ದು, ಹಿಂದಿರುಗುವಾಗ ನಾಲ್ಕು ದಿನ ಟೋಕಿಯೋದಲ್ಲಿ ಇಳಿದು ಬಂದವನಿಗೆ ಇಷ್ಟು ದೊಡ್ಡ ವಿಷಯ ಕೊಟ್ಟದ್ದು ಅವರ ಔದಾರ್ಯ. ಎರಡು ಸಂತೆ ಸುತ್ತಿ ಬಂದ ಮಾತ್ರಕ್ಕೆ ಯಾರೂ ವ್ಯಾಪಾರಿಯಾಗುವುದಿಲ್ಲ. ಆದ್ದರಿಂದ ಕಂಡದ್ದಕ್ಕಿಂತ ಓದಿ ತಿಳಿದದ್ದನ್ನೇ ಹೆಚ್ಚಾಗಿ ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಮೂವತ್ತೊಂದು ವರ್ಷ ನಾನು ಮೇಷ್ಟ್ರಾಗಿದ್ದೆ. ಪ್ರತಿ ವರ್ಷವೂ ಒಂದಲ್ಲ ಒಂದು ತರಗತಿಯಲ್ಲಿ ಒಂದು ಕಥೆ ಹೇಳುತ್ತಿದ್ದೆ. ನಿಮ್ಮಲ್ಲಿ ಬಹಳ ಜನ ಅದನ್ನು ಕೇಳಿಯೇ ಬೆಳೆದಿದ್ದೀರಿ. ಜಪಾನಿನ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಅಸಮಾಧಾನವಾದರೆ ಅವರು ಕೆಲಸ ನಿಲ್ಲಿಸುವುದಿಲ್ಲವಂತೆ. ತೋಳಿಗೆ ಕರಿಪಟ್ಟಿ ಕಟ್ಟಿಕೊಂಡು ಇಮ್ಮಡಿ ದುಡಿಯುತ್ತಾರಂತೆ. ಜೋಡಿನ ಕಾರ್ಖಾನೆಯವರು ಎಡಗಾಲಿನ ಜೋಡನ್ನಷ್ಟೇ ಹೊಲಿದು ರಾಶಿ ಹಾಕುತ್ತಾರಂತೆ. ಧಣಿ ನಾಚಿಕೊಂಡು ಬೇಡಿಕೆ ಒಪ್ಪಿದ ಮೇಲೆ ಬಲಗಾಲಿನದನ್ನು ಹೊಲಿದು ಲೆಕ್ಕ ಸರಿಮಾಡಿಕೊಡುತ್ತಾರಂತೆ. ‘ಅದು ಶಿಸ್ತು, ಅದು ಸಂಸ್ಕೃತಿ, ಅದಕ್ಕೇ ಅಣುಬಾಂಬು ಬಿದ್ದರೂ ಆ ದೇಶ ಎದ್ದು ನಿಂತಿತು’ ಎಂದು ಮೇಜು ಗುದ್ದಿ ಮುಗಿಸುತ್ತಿದ್ದೆ. ಇದನ್ನು ನಾನು ಯಾವ ಪುಸ್ತಕದಲ್ಲಿ ಓದಿದ್ದೆ? ಎಲ್ಲಿಯೂ ಇಲ್ಲ. ನನ್ನ ಮೇಷ್ಟ್ರು ನನಗೆ ಹೇಳಿದ್ದರು, ನಾನು ಹುಡುಗರಿಗೆ ಹೇಳಿದೆ.

ಎರಡು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಈಗ ಅವನು ಒಂದು ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿ. ಕಾಲಿಗೆ ನಮಸ್ಕರಿಸಿ, ಹಣ್ಣಿನ ಬುಟ್ಟಿ ಇಟ್ಟು, “ಸಾರ್, ನೀವು ಹೇಳಿದ್ದ ಜಪಾನಿನ ಕಥೆ ಬಹಳ ಉಪಯೋಗಕ್ಕೆ ಬಂತು. ಗುತ್ತಿಗೆ ಆಳುಗಳು ಗೇಟಿನ ಮುಂದೆ ಕೂತುಬಿಟ್ಟಿದ್ದರು. ಹೋಗಿ ಅದೇ ಕಥೆ ಹೇಳಿದೆ. ನಮ್ಮ ಮೇಷ್ಟ್ರು ಹೇಳಿದ್ದು ಅಂತಲೂ ಹೇಳಿದೆ. ಎರಡೇ ದಿನಕ್ಕೆ ಎದ್ದು ಒಳಗೆ ಬಂದರು” ಎಂದ. ಅವರು ಕೇಳಿದ್ದೇನಪ್ಪ ಎಂದೆ. ಕುಡಿಯುವ ನೀರು, ವಾರಕ್ಕೊಂದು ಸಂಬಳದ ರಜೆ, ಭವಿಷ್ಯನಿಧಿಗೆ ಕಟ್ಟಿದ ಹಣದ ಲೆಕ್ಕ. ಕೊಟ್ಟಿರೇನು ಎಂದೆ. “ಆಮೇಲೆ ನೋಡೋಣ ಅಂದಿದ್ದೇವೆ ಸಾರ್” ಎಂದ. ಹುಡುಗ ಕೆಟ್ಟವನಲ್ಲ; ಮೇಷ್ಟ್ರು ಹೇಳಿದ್ದನ್ನು ನಂಬಿದವನು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗೇಟಿನ ಮುಂದೆ ಕೂತವರನ್ನು ಎಬ್ಬಿಸಿದ್ದು ಪೊಲೀಸರ ಲಾಠಿಯಲ್ಲ, ನನ್ನ ಕಥೆ.

ಅಂದಿನಿಂದ ಜಪಾನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದಿದಷ್ಟೂ ಮುಖ ಕೆಂಪಾಯಿತು.

ಮೊದಲು ಒಂದು ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. 1948ರ ಆಗಸ್ಟ್ 19. ಟೋಕಿಯೋದ ಕಿನುತ ಎಂಬಲ್ಲಿ ತೋಹೋ ಕಂಪನಿಯ ಸಿನಿಮಾ ಸ್ಟುಡಿಯೋ. ಕುರೊಸಾವ ಚಿತ್ರ ತೆಗೆಯುತ್ತಿದ್ದದ್ದು ಅಲ್ಲಿಯೇ. ಕಂಪನಿ ನೂರಾರು ಮಂದಿಯನ್ನು ಕೆಲಸದಿಂದ ತೆಗೆಯಹೊರಟಿತ್ತು. ನಟರು, ನಿರ್ದೇಶಕರು, ಬಡಗಿಗಳು, ದೀಪ ಹಿಡಿಯುವವರು ಎಲ್ಲರೂ ಒಂದಾಗಿ ತಿಂಗಳುಗಟ್ಟಲೆ ಸ್ಟುಡಿಯೋವನ್ನೇ ಹಿಡಿದು ಕೂತಿದ್ದರು. ಬಿರುಗಾಳಿಯ ದೃಶ್ಯಕ್ಕೆಂದು ಇದ್ದ ದೊಡ್ಡ ಫ್ಯಾನುಗಳನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟುಕೊಂಡಿದ್ದರು. ಅವರನ್ನು ಹೊರಗೆಳೆಯಲು ಬಂದವರು ಯಾರು? ಎರಡು ಸಾವಿರದಷ್ಟು ಜಪಾನೀ ಪೊಲೀಸರು. ಅವರ ಬೆನ್ನಿಗೆ ಅಮೆರಿಕದ ಸೈನಿಕರು, ಅಮೆರಿಕದ ಟ್ಯಾಂಕುಗಳು. ತಲೆಯ ಮೇಲೆ ಅಮೆರಿಕದ ವಿಮಾನಗಳು. ಬರದೆ ಉಳಿದದ್ದು ಯುದ್ಧದ ಹಡಗು ಒಂದೇ ಎಂಬ ಮಾತು ಅಂದಿನಿಂದ ಆ ದೇಶದಲ್ಲಿ ಉಳಿದುಕೊಂಡಿದೆ. ಕೆಲಸಗಾರರು ತೋಳಿಗೆ ತೋಳು ಸೇರಿಸಿ ಹಾಡುತ್ತ ಹೊರಬಂದರು.

ಒಂದು ಸಿನಿಮಾ ಸ್ಟುಡಿಯೋಗೆ ಟ್ಯಾಂಕು! ಜಪಾನಿನ ಕೆಲಸಗಾರ ಹುಟ್ಟಿನಿಂದಲೇ ತಲೆಬಾಗುವವನಾಗಿದ್ದರೆ ಟ್ಯಾಂಕಿನ ಅವಶ್ಯಕತೆ ಏನಿತ್ತು?

ಇದೇ ಅಮೆರಿಕದ ಸೇನೆ ಮೂರು ವರ್ಷದ ಹಿಂದೆ ಆ ದೇಶಕ್ಕೆ ಬಂದಾಗ ಮಾಡಿದ ಕೆಲಸ ಬೇರೆಯೇ ಆಗಿತ್ತು. ನ್ಯಾಯವಾಗಿ ಅದನ್ನೂ ಹೇಳಬೇಕು. ಅಮೆರಿಕವನ್ನು ಬೈದುಬಿಟ್ಟರೆ ಕೆಲಸವಾಯಿತೆಂದು ತಿಳಿಯುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಈ ಮಾತು ರುಚಿಸಲಾರದು. 1945ರ ಅಕ್ಟೋಬರಿನಲ್ಲಿ ರಾಜಕೀಯ ಕೈದಿಗಳು ಬಿಡುಗಡೆಯಾದರು. ಅವರಲ್ಲಿ ಹದಿನೆಂಟು ವರ್ಷ ಸೆರೆಯಲ್ಲಿದ್ದವರೂ ಇದ್ದರು. ಡಿಸೆಂಬರಿನಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ನಾಲ್ಕೇ ವರ್ಷದಲ್ಲಿ ಆ ದೇಶದ ಸಂಬಳಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಘಗಳ ಸದಸ್ಯರಾಗಿದ್ದರು. 1946ರ ಏಪ್ರಿಲ್ 10ರಂದು ಹೆಂಗಸರು ಮೊದಲ ಬಾರಿ ಮತ ಹಾಕಿದರು. 39 ಹೆಂಗಸರು ಕೆಳಮನೆಗೆ ಆರಿಸಿಬಂದರು.

ಮತ್ತೆ ಭೂಮಿ. ಗೇಣಿಯ ವಿಷಯ ಈ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿನಲ್ಲಿ ಸಾಗುವಳಿ ಭೂಮಿಯ ನೂರರಲ್ಲಿ 46 ಪಾಲು ಗೇಣಿಯದಾಗಿತ್ತು. 1946ರ ಕಾನೂನಿನಂತೆ ಊರಿನಲ್ಲಿಲ್ಲದ ಒಡೆಯನ ಭೂಮಿಯನ್ನೆಲ್ಲ ಸರ್ಕಾರ ಕೊಂಡಿತು. ಊರಿನಲ್ಲಿರುವ ಒಡೆಯನಿಗೆ ಗೇಣಿಗೆ ಕೊಟ್ಟ ಭೂಮಿಯಲ್ಲಿ ಒಂದು ಹೆಕ್ಟೇರಿನಷ್ಟು ಮಾತ್ರ ಬಿಟ್ಟಿತು. ಉಳಿದದ್ದನ್ನು ಉಳುವವನಿಗೇ ಮಾರಿತು. ಹಣದುಬ್ಬರ ಎಷ್ಟಿತ್ತೆಂದರೆ ಆ ಬೆಲೆ ಕೊನೆಗೆ ಏನೇನೂ ಅಲ್ಲವೆಂಬಂತಾಯಿತು. ಐದಾರು ವರ್ಷದಲ್ಲಿ ಗೇಣಿಯ ಭೂಮಿ ನೂರಕ್ಕೆ ಹತ್ತರಷ್ಟಕ್ಕೆ ಇಳಿಯಿತು. ಇದನ್ನು ನಡೆಸಿದವರು ಅಮಲ್ದಾರರೋ ಶಾನುಭೋಗರೋ ಅಲ್ಲ. ಊರೂರಿಗೆ ಒಂದು ಚುನಾಯಿತ ಸಮಿತಿ. ಅದರಲ್ಲಿ ಗೇಣಿದಾರರು ಐವರು, ಒಡೆಯರು ಮೂವರು, ಸ್ವಂತ ಉಳುವವರು ಇಬ್ಬರು. ಈ ಐದು, ಮೂರು, ಎರಡು ಎಂಬ ಲೆಕ್ಕವನ್ನು ನಾನು ಎರಡು ಸಲ ಓದಿದೆ. ನಮ್ಮಲ್ಲಿ 1974ರ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗಳ ಮುಂದೆ ಡಿಕ್ಲರೇಷನ್ ಹಿಡಿದು ನಿಂತ ಗೇಣಿದಾರರಿಗೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ. ಅಮೆರಿಕದ ಹುಕುಮು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ, ನಿಜ. ಆದರೆ 1922ರಲ್ಲಿಯೇ ಕಗಾವ ಮೊದಲಾದವರು ಜಪಾನಿನ ರೈತಸಂಘ ಕಟ್ಟಿ ಗೇಣಿಯ ವಿರುದ್ಧ ಜೈಲು ಕಾಣದಿದ್ದರೆ ಆ ಸಮಿತಿಗಳಲ್ಲಿ ಒಡೆಯರ ಎದುರು ಕೂತು ಮಾತಾಡುವ ಐವರು ಎಲ್ಲಿಂದ ಬರುತ್ತಿದ್ದರು?

ರಾಜ್ಯಾಂಗದ ವಿಷಯವೂ ಹೀಗೆಯೇ. 1946ರ ಫೆಬ್ರವರಿಯಲ್ಲಿ ಒಂದು ವಾರದೊಳಗೆ, ಎರಡು ಡಜನಿನಷ್ಟು ಅಮೆರಿಕನ್ನರು ಟೋಕಿಯೋದ ಒಂದು ವಿಮಾ ಕಂಪನಿಯ ಕಟ್ಟಡದಲ್ಲಿ ಗುಟ್ಟಾಗಿ ಕೂತು ಜಪಾನಿನ ರಾಜ್ಯಾಂಗದ ಕರಡು ಬರೆದರು. ಆ ಕೋಣೆಯಲ್ಲಿ 22 ವರ್ಷದ ಒಬ್ಬ ಹುಡುಗಿ ಇದ್ದಳು, ಬಿಯಾಟೆ ಸಿರೋಟ. ವಿಯೆನ್ನಾದಲ್ಲಿ ಹುಟ್ಟಿ, ಪಿಯಾನೋ ವಾದಕನಾದ ತಂದೆಯೊಡನೆ ಐದನೆಯ ವಯಸ್ಸಿಗೆ ಟೋಕಿಯೋಗೆ ಬಂದು ಬೆಳೆದವಳು. ಜಪಾನಿನ ಹೆಣ್ಣುಮಕ್ಕಳ ಪಾಡನ್ನು ಅಡುಗೆಮನೆಯಿಂದ ಕಂಡಿದ್ದಳು. ಜೀಪಿನಲ್ಲಿ ಪುಸ್ತಕಾಲಯಗಳಿಗೆ ಅಲೆದು ಬೇರೆ ಬೇರೆ ದೇಶದ ರಾಜ್ಯಾಂಗಗಳನ್ನು ಹೊತ್ತು ತಂದಳು. ಮದುವೆಯಲ್ಲಿ ಗಂಡು ಹೆಣ್ಣಿಗೆ ಸಮಾನ ಹಕ್ಕು ಎಂದು ಬರೆದವಳು ಆಕೆ. ಅದು 24ನೆಯ ವಿಧಿಯಾಗಿ ಉಳಿಯಿತು. ಆಕೆಯ ಸ್ವಂತ ದೇಶವಾದ ಅಮೆರಿಕದ ರಾಜ್ಯಾಂಗದಲ್ಲಿ ಗಂಡು ಹೆಣ್ಣಿನ ಸಮಾನತೆಯ ವಿಧಿ ಇರಲಿಲ್ಲ. 1972ರಲ್ಲಿ ಅಲ್ಲಿನ ಕಾಂಗ್ರೆಸ್ಸು ಒಪ್ಪಿದ ತಿದ್ದುಪಡಿಗೂ 1982ರ ಗಡುವಿನೊಳಗೆ ಸಾಕಷ್ಟು ಸಂಸ್ಥಾನಗಳ ಒಪ್ಪಿಗೆ ಸಿಕ್ಕಲಿಲ್ಲ.

ಆಕೆ ಇನ್ನೂ ಬರೆದಿದ್ದಳು. ಬಸುರಿಗೆ, ಬಾಣಂತಿಗೆ, ಮದುವೆಯಿಲ್ಲದೆ ತಾಯಿಯಾದವಳಿಗೂ ಸರ್ಕಾರದ ನೆರವು. ಮಕ್ಕಳಿಗೆ ಖರ್ಚಿಲ್ಲದ ವೈದ್ಯ. ಮೇಲಧಿಕಾರಿಯಾದ ಕರ್ನಲ್ ಕೇಡಿಸ್ ಇವನ್ನು ಹೊಡೆದುಹಾಕಿದ. ಇಂಥ ವಿವರ ರಾಜ್ಯಾಂಗಕ್ಕೆ ಸೇರಿದ್ದಲ್ಲ, ಮುಂದೆ ಕಾನೂನಿನಲ್ಲಿ ಬರಲಿ ಎಂದ. ಹುಡುಗಿ ಅತ್ತಳು. ಮತದ ಹಕ್ಕು, ಮಾತಿನ ಹಕ್ಕು, ಸಮಾನತೆ, ಇಷ್ಟಕ್ಕೆ ಅಮೆರಿಕದ ಉದಾರವಾದ ಒಪ್ಪಿತು. ಹೊಟ್ಟೆ, ಬಟ್ಟೆ, ಔಷಧಿಯ ಮಾತು ಬಂದಲ್ಲಿ ಅದರ ಲೇಖನಿ ನಿಂತಿತು.

ಅಲ್ಲಿಂದ ಮುಂದಕ್ಕೆ ಬರೆದವರು ಜಪಾನೀಯರು. ಅದೇ ವರ್ಷದ ಬೇಸಿಗೆಯಲ್ಲಿ ಕರಡು ಪಾರ್ಲಿಮೆಂಟಿಗೆ ಬಂದಾಗ ಸಮಾಜವಾದಿ ಸದಸ್ಯರು ಒಂದು ವಾಕ್ಯವನ್ನು ಸೇರಿಸಿದರು. ಅವರಲ್ಲಿ ಮುಖ್ಯನಾದವನು ತಾತ್ಸುವೊ ಮೊರಿತೊ. 1920ರಲ್ಲಿ ಕ್ರೊಪಾಟ್‌ಕಿನ್ನನ ವಿಚಾರದ ಮೇಲೆ ಒಂದು ಲೇಖನ ಬರೆದ ತಪ್ಪಿಗೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ಜೈಲಿಗೆ ಹೋದ ಮನುಷ್ಯ. ಅವರು ಸೇರಿಸಿದ ವಾಕ್ಯದ ತಾತ್ಪರ್ಯ ಇಷ್ಟು: ಆರೋಗ್ಯವೂ ಸಂಸ್ಕೃತಿಯೂ ಉಳ್ಳ ಕನಿಷ್ಠ ಮಟ್ಟದ ಬಾಳು ಪ್ರತಿಯೊಬ್ಬ ಪ್ರಜೆಯ ಹಕ್ಕು. ಅದೇ 25ನೆಯ ವಿಧಿ.

ಸಂಸ್ಕೃತಿ ಎಂಬ ಮಾತನ್ನು ಗಮನಿಸಿ, ಮಿತ್ರರೇ. ಜಪಾನಿನ ಸಂಸ್ಕೃತಿ ಎಂದರೆ ನಮಗೆ ಚೆರ್ರಿ ಹೂವು, ಚಹಾದ ವಿಧಿ, ಮೂರು ಸಾಲಿನ ಹಾಯಿಕು. ಅವೆಲ್ಲ ಚೆಲುವಾದವೇ, ನಾನು ಹೂವಿನ ವೈರಿಯಲ್ಲ. ಆದರೆ ಜೈಲು ಕಂಡು ಬಂದ ಆ ಸಮಾಜವಾದಿ ಸಂಸ್ಕೃತಿ ಎಂಬ ಶಬ್ದವನ್ನು ಅಕ್ಕಿ, ಔಷಧಿ, ಹೊದಿಕೆಯ ಸಾಲಿನಲ್ಲಿ ತಂದು ಇರಿಸಿದ. ಇದು ಹೊರಗಿನಿಂದ ಬಂದ ವಿಚಾರ ಎನ್ನುವವರೂ ಅಲ್ಲಿದ್ದಾರೆ. ಅವರಿಗೆ ಉತ್ತರವಾಗಿ ಇನ್ನೊಂದು ಸಂಗತಿ ಹೇಳುತ್ತೇನೆ. 1968ರಲ್ಲಿ ಟೋಕಿಯೋದ ಪಶ್ಚಿಮಕ್ಕೆ ಬೆಟ್ಟದ ಸೀಮೆಯ ಇತ್ಸುಕಾಇಚಿಯಲ್ಲಿ ಒಂದು ಹಳೆಯ ಮನೆತನದ ಮಣ್ಣಿನ ಉಗ್ರಾಣ ತೆರೆದಾಗ ಒಂದು ಹಸ್ತಪ್ರತಿ ಸಿಕ್ಕಿತು. 1881ರಲ್ಲಿ ಆ ಹಳ್ಳಿಗಾಡಿನ ಒಬ್ಬ ಶಾಲಾಮಾಸ್ತರನೂ ಊರಿನ ರೈತರೂ ಒಂದು ಓದಿನ ಕೂಟ ಮಾಡಿಕೊಂಡು, ಚರ್ಚಿಸಿ, 204 ವಿಧಿಗಳ ರಾಜ್ಯಾಂಗ ಒಂದನ್ನು ತಾವೇ ಬರೆದಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ಅಮೆರಿಕದ ಸೇನಾನಿ ಬರುವುದಕ್ಕೆ 64 ವರ್ಷ ಮೊದಲು! ನಾನೂ ಶಾಲಾಮಾಸ್ತರನಾದ್ದರಿಂದ ಇದನ್ನು ಓದಿದ ದಿನ ಊಟ ಮರೆತೆ. ನಾನು ಕರಿಪಟ್ಟಿಯ ಕಥೆ ಹೇಳಿಕೊಂಡಿದ್ದೆ. ಅವನು ರಾಜ್ಯಾಂಗ ಬರೆದಿಟ್ಟಿದ್ದ.

ಅಮೆರಿಕದಲ್ಲಿಯೂ ಇಂಥ ಹಕ್ಕಿನ ಮಾತು ಎದ್ದಿತ್ತು. 1944ರ ಜನವರಿ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಕೆಲಸ, ಮನೆ, ವೈದ್ಯ, ವಿದ್ಯೆ ಇವೆಲ್ಲ ಪ್ರಜೆಯ ಹಕ್ಕುಗಳಾಗಬೇಕೆಂದು ಭಾಷಣ ಮಾಡಿದ. ಅದು ಭಾಷಣವಾಗಿಯೇ ಉಳಿಯಿತು. ಮತ್ತು ಆ ಭಾಷಣ ಮಾಡಿದ ದಿನ ಅದೇ ರೂಸ್‌ವೆಲ್ಟನ ಆಜ್ಞೆಯ ಮೇರೆಗೆ ಜಪಾನೀ ಮೂಲದ ಜನ ಮುಳ್ಳುತಂತಿಯ ಒಳಗಿದ್ದರು. ಆ ಶಿಬಿರಗಳಲ್ಲಿ ಒಂದನ್ನು ನಾನು ನೋಡಿ ಬಂದೆ.

ಮಗಳು ಅಳಿಯ ನನ್ನನ್ನು ಹಿಮದ ಬೆಟ್ಟ ತೋರಿಸಲೆಂದು ಸಿಯೆರ ನೆವಾಡದ ಕಡೆಗೆ ಕರೆದುಕೊಂಡು ಹೋಗಿದ್ದರು. ದಾರಿಯಲ್ಲಿ ಮಂಜನಾರ್ ಎಂಬ ಫಲಕ ಕಂಡು ಗಾಡಿ ನಿಲ್ಲಿಸಿದೆವು. ಮರಳುಗಾಳಿ ಕಣ್ಣು ಬಿಡಿಸುವುದಿಲ್ಲ. 1942ರ ಫೆಬ್ರವರಿ 19ರ ಆಜ್ಞೆಯಂತೆ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಎತ್ತಿ ಇಂಥ ಹತ್ತು ಶಿಬಿರಗಳಲ್ಲಿ ಹಾಕಿದರು. ಒಟ್ಟು ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ. ಶಿಬಿರ ಸಿದ್ಧವಾಗುವವರೆಗೆ ಕೆಲವರನ್ನು ಕುದುರೆ ಜೂಜಿನ ಮೈದಾನದ ಲಾಯಗಳಲ್ಲಿ ಇರಿಸಿದರು. ಮಂಜನಾರಿನಲ್ಲಿ ಹತ್ತು ಸಾವಿರ ಮಂದಿ ಇದ್ದರು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾವಲುಗೋಪುರವಲ್ಲ. ಊಟದ ಪಡಸಾಲೆ ಇದ್ದ ಜಾಗದ ಪಕ್ಕದಲ್ಲಿ, ಮರಳಿನಿಂದ ಅಗೆದು ತೆಗೆದ ಒಂದು ಕೊಳದ ಕಲ್ಲಂಚು. ಊಟಕ್ಕೆ ಸಾಲಿನಲ್ಲಿ ನಿಲ್ಲುವವರ ಕಣ್ಣಿಗೆ ತಂಪಾಗಲೆಂದು ಸೆರೆಯಾಳುಗಳೇ ಕಟ್ಟಿದ ತೋಟ ಅದು.

ಇದು ಭಯದಿಂದ ಆಯಿತು, ಯುದ್ಧಕಾಲ ಎನ್ನುತ್ತಾರೆ. ಹಾಗಾದರೆ ಹವಾಯಿಯ ಲೆಕ್ಕ ಕೇಳಿ. ಬಾಂಬು ಬಿದ್ದದ್ದೇ ಹವಾಯಿಯಲ್ಲಿ; ಅಲ್ಲಿನ ಜನರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಪಾನೀ ಮೂಲದವರು. ಅಲ್ಲಿ ಎಲ್ಲರನ್ನೂ ಎತ್ತಲಿಲ್ಲ. ಎತ್ತಿದರೆ ಕೆಲಸ ಮಾಡುವವರು ಯಾರು? ಕ್ಯಾಲಿಫೋರ್ನಿಯದಲ್ಲಾದರೋ ಅವರು ತರಕಾರಿ ಬೆಳೆದು ಬಿಳಿಯ ತೋಟದೊಡೆಯರಿಗೆ ಪೈಪೋಟಿಯಾಗಿದ್ದರು. 1913ರಿಂದಲೇ ಆ ಸಂಸ್ಥಾನದಲ್ಲಿ ಅವರು ಭೂಮಿ ಕೊಳ್ಳದಂತೆ ಕಾನೂನಿತ್ತು. ಏಷ್ಯದವನು ಅಮೆರಿಕದ ಪ್ರಜೆಯಾಗಲಾರನೆಂದು 1922ರಲ್ಲಿ ಜಪಾನಿನವನೊಬ್ಬನಿಗೆ ಹೇಳಿದ ಸುಪ್ರೀಂ ಕೋರ್ಟು, ಮೂರು ತಿಂಗಳ ನಂತರ ಅದನ್ನೇ ನಮ್ಮ ಪಂಜಾಬಿನ ಭಗತ್ ಸಿಂಗ್ ತಿಂದ್ ಎಂಬುವನಿಗೂ ಹೇಳಿತು. ಇಂದು ಅಲ್ಲಿ ದೊಡ್ಡ ಸಂಬಳ ಎಣಿಸುವ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲ. ನನ್ನ ಅಳಿಯನಿಗೂ ಗೊತ್ತಿರಲಿಲ್ಲ. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಗಾಡಿ ಓಡಿಸಿದ.

ಆಗ ಬಾಯಿ ಬಿಟ್ಟವರು ಎಷ್ಟು ಜನ? ಕಮ್ಯುನಿಸ್ಟ್ ಪಕ್ಷ ತನ್ನ ಜಪಾನೀ ಮೂಲದ ಸದಸ್ಯರನ್ನೇ ದೂರವಿಟ್ಟಿತು. ಆಗ ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ ಆಗಿದ್ದು ಈ ಕೆಲಸಕ್ಕೆ ಒತ್ತಾಸೆಯಾಗಿ ನಿಂತ ಅರ್ಲ್ ವಾರನ್, 1954ರಲ್ಲಿ ಮುಖ್ಯ ನ್ಯಾಯಾಧೀಶನಾಗಿ ಕರಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿಸಿದ. ಮನುಷ್ಯ ಹೀಗೂ ಇರುತ್ತಾನೆ. ಮೊದಲಿನಿಂದಲೂ ಎದ್ದು ನಿಂತು ಇದು ಅನ್ಯಾಯವೆಂದ ರಾಷ್ಟ್ರೀಯ ಮುಖಂಡರು ಬೆರಳೆಣಿಕೆ. ಅವರಲ್ಲಿ ಸಮಾಜವಾದಿ ನಾರ್ಮನ್ ಥಾಮಸ್ ಒಬ್ಬ. ಆರು ಸಲ ಅಧ್ಯಕ್ಷ ಪದವಿಗೆ ನಿಂತು ಆರು ಸಲವೂ ಸೋತವನು. 1988ರಲ್ಲಿ ಅಮೆರಿಕದ ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದ ಒಬ್ಬೊಬ್ಬರಿಗೂ 20,000 ಡಾಲರು ಕೊಡಲು ಒಪ್ಪಿತು. ತಪ್ಪನ್ನು ಕಾನೂನಿನಲ್ಲಿಯೇ ಬರೆದು ಒಪ್ಪಿಕೊಂಡ ಈ ಗುಣವನ್ನು ನಾನು ಸಣ್ಣದೆನ್ನುವುದಿಲ್ಲ. ಅಷ್ಟು ಮಾಡಿದ ಸರ್ಕಾರಗಳು ಎಷ್ಟಿವೆ?

ಮತ್ತೆ ಟೋಕಿಯೋಗೆ ಬರೋಣ. ಬಿಡುಗಡೆಯ ದೂತನಾಗಿ ಬಂದ ಅಮೆರಿಕ ಬೇಗನೆ ಬಣ್ಣ ಬದಲಿಸಿತು. 1947ರ ಫೆಬ್ರವರಿ 1ಕ್ಕೆ ದೇಶವ್ಯಾಪಿ ಮುಷ್ಕರ ಗೊತ್ತಾಗಿತ್ತು. ಹಿಂದಿನ ದಿನ ಸೇನಾನಿ ಮ್ಯಾಕ್‌ಆರ್ಥರ್ ನಿಷೇಧಿಸಿದ. ಮುಷ್ಕರದ ಮುಖಂಡ ಇಇ ರೇಡಿಯೋದಲ್ಲಿ ಅಳುತ್ತ ಮುಷ್ಕರ ನಿಂತಿತೆಂದು ಸಾರಬೇಕಾಯಿತು. 1948ರ ಜುಲೈಯಲ್ಲಿ ಅದೇ ಮ್ಯಾಕ್‌ಆರ್ಥರನ ಪತ್ರದ ಮೇರೆಗೆ ಸರ್ಕಾರಿ ನೌಕರರ ಮುಷ್ಕರದ ಹಕ್ಕು ಹೋಯಿತು. ಆಗಸ್ಟಿನಲ್ಲಿ ಸ್ಟುಡಿಯೋದ ಬಾಗಿಲಿಗೆ ಟ್ಯಾಂಕು. ಚೀನದಲ್ಲಿ ಚಿಯಾಂಗನ ಕಾಲ ಮುಗಿಯುತ್ತ ಬಂದಿತ್ತು. ಅಮೆರಿಕಕ್ಕೆ ಏಷ್ಯದಲ್ಲಿ ಒಂದು ಗಟ್ಟಿ ನೆಲೆ ಬೇಕಾಗಿತ್ತು.

ಕರಿಪಟ್ಟಿಯ ಗುಟ್ಟು ಇಲ್ಲಿದೆ. ಎದೆಗೋ ತೋಳಿಗೋ ಪಟ್ಟಿ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುವುದು ಜಪಾನಿನಲ್ಲಿ ಇತ್ತು, ಅದು ಸುಳ್ಳಲ್ಲ. ಆದರೆ ಮುಷ್ಕರದ ಹಕ್ಕನ್ನೇ ಕಿತ್ತುಕೊಂಡ ಮೇಲೆ ಆ ನೌಕರರಿಗೆ ಉಳಿದಿದ್ದ ಕೆಲವೇ ದಾರಿಗಳಲ್ಲಿ ಅದೊಂದು. ಬಾಯಿಗೆ ಬಟ್ಟೆ ತುರುಕಿಸಿಕೊಂಡವನು ಕಣ್ಣಿನಲ್ಲಿ ಮಾತಾಡಿದರೆ ಅದನ್ನು ಮೌನವ್ರತ ಎಂದು ಹೊಗಳಿದ ಹಾಗಾಯಿತು ನಮ್ಮ ಕಥೆ. ಆ ನೌಕರರು ಪಟ್ಟಿಗೇ ತೃಪ್ತರಾದರೇ? 1975ರ ನವೆಂಬರ್ 26ರಿಂದ ಎಂಟು ದಿನ, ಮುಷ್ಕರದ ಹಕ್ಕು ಬೇಕೆಂದೇ ಮುಷ್ಕರ ಹೂಡಿ ರಾಷ್ಟ್ರೀಯ ರೈಲುಗಳನ್ನು ನಿಲ್ಲಿಸಿದರು. ಒಂದು ನಿಮಿಷ ತಡವಾಗದೆಂದು ನಾವು ಹಾಡಿ ಹೊಗಳುವ ರೈಲು! ಹಕ್ಕು ಸಿಕ್ಕಲಿಲ್ಲ.

ಈಗ 25ನೆಯ ವಿಧಿಗೆ ಏನಾಯಿತೆಂದು ಹೇಳಬೇಕು. ನನಗೆ ಬಹಳ ಹಿಡಿಸಿದ ಭಾಗ ಇದೇ. ಒಕಯಾಮದ ಸರ್ಕಾರಿ ಕ್ಷಯರೋಗದ ಆಸ್ಪತ್ರೆಯಲ್ಲಿ ಶಿಗೆರು ಅಸಾಹಿ ಎಂಬ ಬಡ ರೋಗಿ ವರ್ಷಗಟ್ಟಲೆ ಮಲಗಿದ್ದ. ಸರ್ಕಾರ ಅವನಿಗೆ ಚಿಕಿತ್ಸೆ ಕೊಟ್ಟು, ಕೈಖರ್ಚಿಗೆಂದು ತಿಂಗಳಿಗೆ 600 ಯೆನ್ ಕೊಡುತ್ತಿತ್ತು. ದೂರದಲ್ಲಿದ್ದ ಅಣ್ಣನನ್ನು ಅಧಿಕಾರಿಗಳು ಹುಡುಕಿ ತೆಗೆದು ತಿಂಗಳಿಗೆ 1500 ಯೆನ್ ಕಳಿಸುವಂತೆ ಮಾಡಿದರು. ತಮ್ಮನ ಬಾಯಿಗೆ ಒಂದು ಮೊಟ್ಟೆ ಹೆಚ್ಚು ಬಿತ್ತೇ? ಇಲ್ಲ. ತಾನು ಕೊಡುತ್ತಿದ್ದ 600ನ್ನು ಸರ್ಕಾರ ನಿಲ್ಲಿಸಿತು; ಅಣ್ಣನ ಹಣದಲ್ಲಿ 600 ಬಿಟ್ಟು ಉಳಿದ 900ನ್ನು ಚಿಕಿತ್ಸೆಯ ಲೆಕ್ಕಕ್ಕೆ ಹಿಡಿದುಕೊಂಡಿತು. 1957ರಲ್ಲಿ ಆ ರೋಗಿ ಹಾಸಿಗೆಯಿಂದಲೇ ಆರೋಗ್ಯ ಮಂತ್ರಿಯ ಮೇಲೆ ದಾವೆ ಹೂಡಿದ. ಈ 600 ಯೆನ್ನಿನಲ್ಲಿ ಬಾಳುವುದು ರಾಜ್ಯಾಂಗ ಹೇಳಿದ ಸಂಸ್ಕೃತಿಯುಳ್ಳ ಬಾಳೇ ಎಂಬುದು ಅವನ ಪ್ರಶ್ನೆ.

ಆ 600ನ್ನು ಸರ್ಕಾರ ಹೇಗೆ ಲೆಕ್ಕ ಹಾಕಿತ್ತು ಗೊತ್ತೇ? ಬನಿಯನ್ನು ಎರಡು ವರ್ಷಕ್ಕೆ ಒಂದು. ಚಡ್ಡಿ ವರ್ಷಕ್ಕೆ ಒಂದು. ಕೆಮ್ಮಿ ಬೆವರುವ ಕ್ಷಯರೋಗಿಗೆ! ನಾಲ್ಕು ಗೋಡೆಯ ಒಳಗೆ ನಡೆದ ಈ ಲೆಕ್ಕಾಚಾರವನ್ನು ಒಬ್ಬ ರೋಗಿ ದೇಶದ ಮುಂದೆ ಹರಡಿ ಇಟ್ಟ. ಕಾರ್ಮಿಕ ಸಂಘಗಳು ಬೆನ್ನಿಗೆ ನಿಂತವು. 1960ರ ಅಕ್ಟೋಬರ್ 19ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಬೊಕ್ಕಸದಲ್ಲಿ ಎಷ್ಟಿದೆಯೆಂದು ನೋಡಿ ಕನಿಷ್ಠ ಬಾಳನ್ನು ಅಳೆಯಬಾರದು, ಕನಿಷ್ಠ ಬಾಳೇ ಬೊಕ್ಕಸಕ್ಕೆ ದಾರಿ ತೋರಿಸಬೇಕು ಎಂಬುದು ಆ ತೀರ್ಪಿನ ಸಾರ. ಸರ್ಕಾರ ಮೇಲಿನ ಕೋರ್ಟಿಗೆ ಹೋಗಿ 1963ರಲ್ಲಿ ಗೆದ್ದಿತು. 1964ರ ಫೆಬ್ರವರಿಯಲ್ಲಿ ಅಸಾಹಿ ತೀರಿಕೊಂಡ. 1967ರಲ್ಲಿ ಸುಪ್ರೀಂ ಕೋರ್ಟು, ಹಕ್ಕು ಸತ್ತವನೊಡನೆ ಹೋಯಿತೆಂದು ಕಡತ ಮುಚ್ಚಿತು. ಆ ವಿಧಿಯಿಂದ ನೇರವಾಗಿ ಯಾರಿಗೂ ಹಕ್ಕು ಹುಟ್ಟುವುದಿಲ್ಲ ಎಂಬ ಮಾತನ್ನೂ ಸೇರಿಸಿತು. ನಮ್ಮ ರಾಜ್ಯಾಂಗದ ನಿರ್ದೇಶಕ ತತ್ವಗಳಿಗೆ 37ನೆಯ ವಿಧಿ ಹಾಕಿದ ಬೀಗವೂ ಇಂಥದೇ. ಕೋರ್ಟಿನಲ್ಲಿ ಅಸಾಹಿ ಸೋತ. ಆದರೆ ಮೊದಲ ತೀರ್ಪಿನ ಮರುವರ್ಷವೇ ಸರ್ಕಾರ ಬಡವರ ನೆರವಿನ ದರವನ್ನು ಏರಿಸಿತ್ತು.

ಆ 1960ನೆಯ ವರ್ಷವೇ ಹಾಗೆ. ಅಮೆರಿಕದೊಡನೆ ಹೊಸ ಸೈನಿಕ ಒಪ್ಪಂದ ಮಾಡಿಕೊಂಡ ಪ್ರಧಾನಿ ಕಿಶಿ, ಯುದ್ಧಾಪರಾಧದ ಶಂಕೆಯ ಮೇಲೆ ಸೆರೆಯಲ್ಲಿದ್ದು 1948ರ ಕೊನೆಯಲ್ಲಿ ಅಮೆರಿಕನ್ನರಿಂದಲೇ ಬಿಡುಗಡೆಯಾದವನು. ಮೇ 19ರ ರಾತ್ರಿ 500 ಪೊಲೀಸರನ್ನು ಪಾರ್ಲಿಮೆಂಟಿನೊಳಗೆ ಕರೆಸಿ, ಅಡ್ಡ ಕೂತ ಸಮಾಜವಾದಿ ಸದಸ್ಯರನ್ನು ಎತ್ತಿ ಹೊರಗೆ ಹಾಕಿಸಿ, ನಡುರಾತ್ರಿ ಕಳೆದೊಡನೆ ಒಪ್ಪಂದಕ್ಕೆ ಒಪ್ಪಿಗೆ ಪಡೆದ. ಮರುದಿನದಿಂದ ಬೀದಿಗಳು ತುಂಬಿದವು. ತೊಮಿ ಕೊಬಾಯಶಿ ಎಂಬ ಚಿತ್ರಕಲೆಯ ಉಪಾಧ್ಯಾಯಿನಿ, ಯಾರು ಬೇಕಾದರೂ ಜೊತೆಗೆ ಬನ್ನಿ ಎಂದು ಬರೆದ ಬಟ್ಟೆ ಹಿಡಿದು ಜೂನ್ 4ರಂದು ಹೊರಟಳು. ಹೊರಟಾಗ ಇಬ್ಬರು, ಮುಗಿಯುವಾಗ ಅಂಗಡಿಯವರು, ಗೃಹಿಣಿಯರು, ದಾರಿಹೋಕರು ಸೇರಿ ನೂರಾರು ಜನ. ಜೂನ್ 15ರಂದು ಪಾರ್ಲಿಮೆಂಟಿನ ಬಾಗಿಲಲ್ಲಿ ಮಿಚಿಕೊ ಕಾಂಬ ಎಂಬ 22 ವರ್ಷದ ವಿದ್ಯಾರ್ಥಿನಿ ಸತ್ತಳು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬರುವುದು ರದ್ದಾಯಿತು. ಕಿಶಿ ರಾಜೀನಾಮೆ ಕೊಟ್ಟ. ಒಪ್ಪಂದ ಮಾತ್ರ ಉಳಿಯಿತು. ಅಕ್ಟೋಬರ್ 12ರಂದು ಸಮಾಜವಾದಿ ಪಕ್ಷದ ಅಧ್ಯಕ್ಷ ಅಸನುಮ ವೇದಿಕೆಯ ಮೇಲೆ ಮಾತಾಡುತ್ತಿದ್ದಂತೆ 17 ವರ್ಷದ ಹುಡುಗನೊಬ್ಬ ಕತ್ತಿಯಿಂದ ಇರಿದು ಕೊಂದ. ಬನಿಯನ್ನಿನ ತೀರ್ಪು ಬಂದದ್ದು ಅದಾದ ಏಳನೆಯ ದಿನ.

ಅದೇ ವರ್ಷ ಕ್ಯೂಶೂ ದ್ವೀಪದ ಮಿಇಕೆ ಕಲ್ಲಿದ್ದಲ ಗಣಿಯಲ್ಲಿ, ಸುಮಾರು 1200 ಮಂದಿಯನ್ನು ತೆಗೆದದ್ದರ ವಿರುದ್ಧ ಜನವರಿಯಿಂದ ನವೆಂಬರಿನವರೆಗೆ ಹೋರಾಟ ನಡೆಯಿತು. ಗಣಿಯ ಬಾಗಿಲಲ್ಲಿ ಕಾವಲು ನಿಂತ ಕಿಯೋಶಿ ಕುಬೊ ಎಂಬ ಕೆಲಸಗಾರನನ್ನು ಬಾಡಿಗೆ ಗೂಂಡಾ ಇರಿದು ಕೊಂದ. ಹೋರಾಟ ಸೋತಿತು, ಶಿಸ್ತು ಬಂತು. 1963ರ ನವೆಂಬರ್ 9ರಂದು ಆ ಗಣಿಯಲ್ಲಿ ಕಲ್ಲಿದ್ದಲ ದೂಳು ಸಿಡಿದು 458 ಜನ ಸತ್ತರು. ನಾನು ಮೇಜು ಗುದ್ದಿ ಹೊಗಳುತ್ತಿದ್ದ ಶಿಸ್ತಿನ ಕೆಳಗೆ ಇಂಥ ಗಣಿಗಳೂ ಇದ್ದವು.

ಇಂದಿನ ಜಪಾನು ಇದನ್ನೆಲ್ಲ ನೆನೆದುಕೊಂಡು ಕೂತಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಘಗಳು ಸೊರಗಿವೆ. ಒಮ್ಮೆ ಎರಡನೆಯ ದೊಡ್ಡ ಪಕ್ಷವಾಗಿದ್ದ ಸಮಾಜವಾದಿಗಳು 1996ರಲ್ಲಿ ಹೆಸರು ಬದಲಿಸಿಕೊಂಡರೂ ಕ್ಷೀಣಿಸುತ್ತಲೇ ಹೋದರು. ಅಮೆರಿಕದ ನೆಲೆಗಳು ಇನ್ನೂ ಇವೆ; ನೂರರಲ್ಲಿ ಒಂದು ಪಾಲೂ ಇಲ್ಲದ ಓಕಿನಾವದ ನೆಲದಲ್ಲಿ ಆ ನೆಲೆಗಳ ಎಪ್ಪತ್ತರಷ್ಟು ಪಾಲು ಕೂತಿದೆ. ಟೋಕಿಯೋದಲ್ಲಿ ನಾನಿದ್ದ ನಾಲ್ಕು ದಿನ ನಿಲುವಂಗಿ ತೊಟ್ಟ ಗುಮಾಸ್ತರು ರಾತ್ರಿ ಹತ್ತಕ್ಕೆ ರೈಲಿನಲ್ಲಿ ನಿಂತುಕೊಂಡೇ ತೂಕಡಿಸುವುದನ್ನು ಕಂಡೆ. ಪಾರ್ಲಿಮೆಂಟಿನ ಬಾಗಿಲಿಗೂ ಹೋದೆ. ಅಲ್ಲಿ ಮುದುಕಿಯರು ಏಳೆಂಟು ಜನ ಫಲಕ ಹಿಡಿದು ನಿಂತಿದ್ದರು. ಭಾಷೆ ಬಾರದು. ಕೈ ಮುಗಿದೆ, ಅವರೂ ತಲೆಬಾಗಿದರು. ಫಲಕದಲ್ಲಿ ಏನಿತ್ತೆಂದು ಹೋಟೆಲಿನ ಹುಡುಗನಿಗೆ ಚಿತ್ರ ತೋರಿಸಿ ಕೇಳಿದೆ. ರಾಜ್ಯಾಂಗವನ್ನು ಮುಟ್ಟಬೇಡಿ ಎಂದಿತ್ತಂತೆ. 1947ರಿಂದ ಇಲ್ಲಿಯವರೆಗೆ ಅದರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ.

ಊರಿಗೆ ಬಂದ ಮೇಲೆ ಆ ಹಳೆಯ ವಿದ್ಯಾರ್ಥಿಗೆ ಎಂಟು ಪುಟದ ಕಾಗದ ಬರೆದೆ. ನಾನು ಹೇಳಿದ್ದ ಕಥೆ ಸುಳ್ಳು, ನಿಜ ಹೀಗಿದೆ, ನೀನು ಯಾರಿಗೆ ಅದನ್ನು ಹೇಳಿದೆಯೋ ಅವರಿಗೆ ಇದನ್ನೂ ಓದಿ ಹೇಳಪ್ಪ ಎಂದು ಬರೆದಿದ್ದೆ. ಮೂರು ತಿಂಗಳಾಯಿತು; ಉತ್ತರ ಬಂದಿಲ್ಲ. ಆದರೆ ಆ ಕಾರ್ಖಾನೆಯ ಗುತ್ತಿಗೆ ಕೆಲಸಗಾರರು ಮೂವರು ಇಂದು ಈ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆಂದು ತರುಣರು ಈಗ ತಾನೆ ನನ್ನ ಕಿವಿಯಲ್ಲಿ ಹೇಳಿದರು. ನೀರು, ರಜೆ, ಭವಿಷ್ಯನಿಧಿಯ ಲೆಕ್ಕ ಮೂರೂ ಇನ್ನೂ ಬಂದಿಲ್ಲವಂತೆ. ಅವರು ಸಭೆ ಮುಗಿದ ಮೇಲೆ ದಯವಿಟ್ಟು ಹೋಗಬಾರದು. ನನ್ನ ಕೈಬರಹ ಇನ್ನೂ ಚೆನ್ನಾಗಿದೆ. ಕಾಗದವನ್ನೂ ತಂದಿದ್ದೇನೆ. ಅರ್ಜಿಯನ್ನು ಇಲ್ಲಿಯೇ ಕೂತು ಬರೆಯೋಣ.